ಮನೆಯ ಹೊರಗೆ ನಿಂತ ಕಿವಿ



ದುಂದುಗಾರ ಮಗನ ಸಾಮತಿಯನ್ನು ಎಷ್ಟು ಸಲ ಕೇಳಿದ್ದೀರೆಂದು ನೀವು ಲೆಕ್ಕವಿಟ್ಟಿರಲಾರಿರಿ. ತಪಸ್ಸುಕಾಲದಲ್ಲಿ ಕೇಳುತ್ತೇವೆ, ಧ್ಯಾನಕೂಟಗಳಲ್ಲಿ ಕೇಳುತ್ತೇವೆ, ಪಾಪನಿವೇದನೆಗೆ ಸಿದ್ಧರಾಗುವಾಗ ಕೇಳುತ್ತೇವೆ. ಕೇಳಿ ಕೇಳಿ ಕಿವಿಗೆ ಅದೆಷ್ಟು ರೂಢಿಯಾಗಿದೆಯೆಂದರೆ, ಆ ಕಥೆಯೊಳಗೇ ಒಂದು ಸದ್ದು ಇದೆಯೆಂಬುದು ನಮ್ಮ ಗಮನಕ್ಕೆ ಬರುವುದಿಲ್ಲ. ಕಿರಿಯವನು ಹಿಂದಿರುಗಿದ್ದಾನೆ, ಮನೆಯೊಳಗೆ ಔತಣ ನಡೆದಿದೆ. ಹಿರಿಯವನು ಹೊಲದಿಂದ ಬರುತ್ತಿದ್ದಾನೆ. ಮನೆ ಸಮೀಪಿಸುತ್ತಿದ್ದಂತೆ ವಾದ್ಯದ, ಕುಣಿತದ ಸದ್ದು ಅವನ ಕಿವಿಗೆ ಬೀಳುತ್ತದೆ. ಅವನು ಒಳಗೆ ಹೋಗುವುದಿಲ್ಲ. ಆಳೊಬ್ಬನನ್ನು ಕರೆದು ಇದೇನೆಂದು ವಿಚಾರಿಸುತ್ತಾನೆ. ಸದ್ದನ್ನು ಕೇಳಿದ, ಅದರ ವಿವರವನ್ನೂ ಪಡೆದ, ಹೊಸ್ತಿಲನ್ನು ಮಾತ್ರ ದಾಟಲಿಲ್ಲ.

ಈ ಹಿರಿಯ ಮಗನನ್ನು ಹೊಟ್ಟೆಕಿಚ್ಚಿನವನೆಂದೇ ನಾವು ಬಲ್ಲೆವು. ಈಚೆಗೆ ನನಗೆ ಅವನು ಬೇರೊಂದು ರೀತಿಯಲ್ಲಿ ಕಾಣತೊಡಗಿದ್ದಾನೆ. ಹೊರಗೆ ನಿಂತು ದನಿಯನ್ನು ಆಲಿಸುವ, ಅದರ ಅರ್ಥವನ್ನು ಮೂರನೆಯವರಿಂದ ತಿಳಿದುಕೊಳ್ಳುವ ಕುತೂಹಲಿಯ ಹಾಗೆ ಕಾಣುತ್ತಿದ್ದಾನೆ. ಇದಕ್ಕೆ ಕಾರಣವಿದೆ. ಕಳೆದ ಶತಮಾನದ ಆದಿಯಲ್ಲಿ ಮನುಷ್ಯರ ದನಿಗಳನ್ನು ಹಿಡಿದು, ಸಂಗ್ರಹಿಸಿ, ಕಾಪಿಡಲು ನಡೆದ ಎರಡು ದೊಡ್ಡ ಯತ್ನಗಳಲ್ಲಿ ಇದೇ ಸಾಮತಿಯನ್ನು ಜನರ ಬಾಯಲ್ಲಿ ಹೇಳಿಸಿದರು. ಆ ಎರಡು ಸಂಗ್ರಹಗಳನ್ನು ನಾವು ಇಂದು ಹೇಗೆ ಕೇಳಬೇಕು, ಅವುಗಳ ಬೆಲೆಯನ್ನು ಹೇಗೆ ಕಟ್ಟಬೇಕು ಎಂಬುದನ್ನು ನಿಮ್ಮೊಂದಿಗೆ ವಿಚಾರ ಮಾಡಬೇಕೆಂದು ಈ ಲೇಖನ.

ಮೊದಲನೆಯದು ನಮ್ಮ ದೇಶದ್ದೇ. ಐರ್ಲೆಂಡಿನಲ್ಲಿ ಹುಟ್ಟಿದ ಜಾರ್ಜ್ ಅಬ್ರಹಾಂ ಗ್ರಿಯರ್ಸನ್ನರು 1873ರಲ್ಲಿ ಐ.ಸಿ.ಎಸ್. ಅಧಿಕಾರಿಯಾಗಿ ಭಾರತಕ್ಕೆ ಬಂದರು. 1886ರಲ್ಲಿ ವಿಯೆನ್ನಾದಲ್ಲಿ ಸೇರಿದ್ದ ಪ್ರಾಚ್ಯವಿದ್ವಾಂಸರ ಸಮ್ಮೇಳನವು ಭಾರತದ ಭಾಷೆಗಳ ಸಮೀಕ್ಷೆ ಆಗಬೇಕೆಂದು ಸರ್ಕಾರವನ್ನು ಕೇಳಿಕೊಂಡಿತು. 1898ರಲ್ಲಿ ಆ ಕೆಲಸದ ಹೊಣೆ ಗ್ರಿಯರ್ಸನ್ನರ ಹೆಗಲೇರಿತು. 1903ರಿಂದ 1928ರವರೆಗೆ ಹೊರಬಂದ 11 ಸಂಪುಟಗಳಲ್ಲಿ 179 ಭಾಷೆಗಳನ್ನೂ 544 ಉಪಭಾಷೆಗಳನ್ನೂ ಅವರು ಎಣಿಸಿದರು. ಒಂದೊಂದು ಭಾಷೆಗೂ ಮೂರು ಮಾದರಿಗಳನ್ನು ತರಿಸುವುದು ಅವರ ಪದ್ಧತಿ: ಎಲ್ಲರಿಗೂ ಸಮಾನವಾದ ಒಂದು ಪಾಠದ ಅನುವಾದ, ಆ ಊರಿನದೇ ಆದ ಒಂದು ಕಥೆ ಅಥವಾ ಹಾಡು, ಮತ್ತು ಪದಗಳ, ಪುಟ್ಟ ವಾಕ್ಯಗಳ ಒಂದು ಪಟ್ಟಿ. ಸಮಾನ ಪಾಠವಾಗಿ ಆರಿಸಿದ್ದು ಲೂಕನ ಶುಭಸಂದೇಶದ 15ನೇ ಅಧ್ಯಾಯದ ನಮ್ಮ ಸಾಮತಿಯನ್ನು.

ಏಕೆ ಇದನ್ನೇ ಆರಿಸಿದರು? ಕರುಣೆಯ ಕಥೆಯೆಂದಲ್ಲ. ಮೂರು ಪುರುಷಗಳ ಸರ್ವನಾಮಗಳು ಅದರಲ್ಲಿವೆ; ನಾಮಪದದ ಹೆಚ್ಚಿನೆಲ್ಲ ವಿಭಕ್ತಿಗಳಿವೆ; ಭೂತ, ವರ್ತಮಾನ, ಭವಿಷ್ಯತ್ ಕಾಲಗಳ ಕ್ರಿಯಾಪದಗಳಿವೆ. ವ್ಯಾಕರಣಕ್ಕೆ ಬೇಕಾದ ಸಾಮಾನೆಲ್ಲ ಒಂದೇ ಬುಟ್ಟಿಯಲ್ಲಿ ಸಿಕ್ಕಿತು. ಭಾರತೀಯರ ಮನಸ್ಸಿಗೆ ನೋವಾಗದಂತೆ ಕೆಲವು ಮಾತುಗಳನ್ನು ಕೊಂಚ ಬದಲಿಸಲಾಯಿತು. ಆ ಕೊಬ್ಬಿದ ಕರುವಿನ ಪಾಡು ಏನಾಗಿರಬಹುದೆಂದು ನೀವೇ ಊಹಿಸಿಕೊಳ್ಳಿ. ಇದನ್ನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಗ್ರಿಯರ್ಸನ್ನರಿಗೂ ಮೊದಲೇ, ನೆಪೋಲಿಯನ್ ಕಾಲದ ಫ್ರಾನ್ಸಿನಲ್ಲಿ, ಆ ದೇಶದ ಹಳ್ಳಿನುಡಿಗಳ ವಿವರ ಕಲೆಹಾಕಲು ಇದೇ ಸಾಮತಿಯ ಅನುವಾದಗಳನ್ನು ತರಿಸಿದ್ದರು. ಆದರೂ ತಂದೆಯೊಬ್ಬ ಓಡಿಹೋಗಿ ಮಗನ ಕೊರಳನ್ನು ತಬ್ಬಿಕೊಳ್ಳುವ ವಾಕ್ಯವನ್ನು ದ್ವಿತೀಯಾ ವಿಭಕ್ತಿಗಾಗಿ ಓದಿದ್ದಾರೆಂಬ ಸಂಗತಿ ಮನಸ್ಸಿನಲ್ಲಿ ಒಂದು ಮುಳ್ಳಾಗಿ ಉಳಿಯುತ್ತದೆ.

ಮದ್ರಾಸ್ ಪ್ರಾಂತ್ಯವೂ ಮೈಸೂರು, ಹೈದರಾಬಾದು ಸಂಸ್ಥಾನಗಳೂ ಈ ಸಮೀಕ್ಷೆಯ ವ್ಯಾಪ್ತಿಗೆ ಸೇರಿರಲಿಲ್ಲ. ಹೀಗಾಗಿ 1906ರಲ್ಲಿ ನಾರ್ವೆಯ ವಿದ್ವಾಂಸ ಸ್ಟೆನ್ ಕೊನೋ ಸಿದ್ಧಪಡಿಸಿದ ನಾಲ್ಕನೆಯ ಸಂಪುಟದಲ್ಲಿ ನಮ್ಮ ಕನ್ನಡಕ್ಕೆ ದೊರೆತ ಜಾಗವು ಮುಖ್ಯವಾಗಿ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳದು. ಆದರೆ ಅಕ್ಷರ ಎಷ್ಟೇ ಮಾಡಿದರೂ ದನಿಯಾಗದು. ಧಾರವಾಡದ ಎಳೆತವನ್ನು, ಕರಾವಳಿಯ ಬಿಗಿಯನ್ನು ಯಾವ ಲಿಪಿಯಲ್ಲಿ ಬರೆದು ತೋರಿಸುತ್ತೀರಿ? ಈ ಕೊರತೆಯನ್ನು ತುಂಬಲು 1913ರಿಂದ 1929ರವರೆಗೆ ಪ್ರಾಂತೀಯ ಸರ್ಕಾರಗಳ ನೆರವಿನಿಂದ ಗ್ರಾಮಫೋನ್ ತಟ್ಟೆಗಳನ್ನು ಮಾಡಿಸಿದರು. 97 ಭಾಷೆ, ಉಪಭಾಷೆಗಳ 240ಕ್ಕೂ ಹೆಚ್ಚು ಮುದ್ರಣಗಳು ಇಂದು ಉಳಿದಿವೆ. ಸಮೀಕ್ಷೆಯ ಮುದ್ರಿತ ಸಂಪುಟಗಳಿಂದ ಹೊರಗುಳಿದಿದ್ದ ಮದ್ರಾಸ್ ಪ್ರಾಂತ್ಯವೂ ಈ ಕೆಲಸದಲ್ಲಿ ಕೈಜೋಡಿಸಿತು. ಅಲ್ಲಿನ ತಟ್ಟೆಗಳಲ್ಲಿ ಕನ್ನಡವೂ ತುಳುವೂ ಇವೆ. ಷಿಕಾಗೋ ವಿಶ್ವವಿದ್ಯಾಲಯದವರು ಈ ಮುದ್ರಣಗಳನ್ನು ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ.

ಈ ತಟ್ಟೆಗಳನ್ನು ಸಾಲಾಗಿ ಕೇಳುತ್ತ ಹೋದರೆ ಒಂದು ವಿಷಯ ಬೇಗನೆ ತಿಳಿಯುತ್ತದೆ. ಸಾಮತಿಯನ್ನು ಓದುವವರು ಮಾತನಾಡುತ್ತಿಲ್ಲ, ಒಪ್ಪಿಸುತ್ತಿದ್ದಾರೆ. ಬರೆದುಕೊಟ್ಟ ಅನುವಾದವನ್ನು ಶಾಲೆಯ ಮೇಷ್ಟರ ಮುಂದೆ ನಿಂತ ಹುಡುಗನ ಹಾಗೆ ಒಂದೇ ಏರುದನಿಯಲ್ಲಿ ಹೇಳಿ ಮುಗಿಸುತ್ತಾರೆ. ಇದರಲ್ಲಿ ಅವರ ತಪ್ಪಿಲ್ಲ. ವಿದ್ಯುತ್ ಮೈಕು ಧ್ವನಿಮುದ್ರಣಕ್ಕೆ ಬಂದದ್ದು 1925ರ ಸುಮಾರಿಗೆ. ಅದಕ್ಕೆ ಮೊದಲು ತುತ್ತೂರಿಯಂತಹ ಕೊಳವೆಗೆ ಬಾಯಿಟ್ಟು ಕೂಗಬೇಕಾಗಿತ್ತು. ಮೇಲಾಗಿ ಅದು ಅನುವಾದದ ನುಡಿ. ಯಾವ ಅಪ್ಪನೂ ತನ್ನ ಮಗನೊಂದಿಗೆ ಆಡದ ಮಾತು. ಅದೇ ಓದುಗ ತನ್ನೂರಿನ ಕಥೆಗೋ ಹಾಡಿಗೋ ಹೊರಳಿದಾಗ ನೋಡಿ: ಕೊರಳು ಸಡಿಲಾಗುತ್ತದೆ, ಉಸಿರು ತನ್ನ ಜಾಗ ಹುಡುಕಿಕೊಳ್ಳುತ್ತದೆ. ಭಾಷಾವಿಜ್ಞಾನಿಗೆ ಹೋಲಿಕೆಗಾಗಿ ಬೇಕಾದದ್ದು ಮೊದಲನೆಯದು. ಭಾಷೆ ಬದುಕಿರುವುದು ಎರಡನೆಯದರಲ್ಲಿ. ಈ ಸಂಗ್ರಹದ ಗುಣವನ್ನೂ ದೋಷವನ್ನೂ ಒಟ್ಟಿಗೆ ಹೇಳಬೇಕೆಂದರೆ ನಾನು ಇಷ್ಟನ್ನೇ ಹೇಳುವೆ.

ಎರಡನೆಯ ಸಂಗ್ರಹಕ್ಕೆ ಬರೋಣ. ಇಲ್ಲಿ ಕೊಂಚ ನಿಧಾನಿಸಬೇಕು.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಫ್ರಾನ್ಸ್, ಬೆಲ್ಜಿಯಂಗಳ ರಣರಂಗಕ್ಕೆ ಹೋದ ಭಾರತೀಯ ಸಿಪಾಯಿಗಳಲ್ಲಿ ಅನೇಕರು ಜರ್ಮನರಿಗೆ ಸೆರೆ ಸಿಕ್ಕರು. ಅವರನ್ನು ಬರ್ಲಿನ್ನಿನಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ದೂರದ ವ್ಯೂನ್ಸ್‌ಡೋರ್ಫ್ ಎಂಬಲ್ಲಿ, 'ಅರ್ಧಚಂದ್ರ ಶಿಬಿರ'ವೆಂದು ಹೆಸರಾದ ತಾಣದಲ್ಲಿ ಇರಿಸಿದರು. ಮುಸ್ಲಿಂ ಸೈನಿಕರನ್ನೂ ಭಾರತೀಯರನ್ನೂ ಒಲಿಸಿಕೊಂಡು ಬ್ರಿಟಿಷರ ಮತ್ತು ಫ್ರೆಂಚರ ವಿರುದ್ಧ ತಿರುಗಿಸುವುದು ಆ ಶಿಬಿರದ ಹಂಚಿಕೆ. 1915ರಲ್ಲಿ ಅಲ್ಲೊಂದು ಮರದ ಮಸೀದಿಯನ್ನೂ ಕಟ್ಟಿಕೊಟ್ಟರು. ಬರ್ಲಿನ್ನಿನ ಶಾಲಾ ಶಿಕ್ಷಕ ವಿಲ್ಹೆಲ್ಮ್ ಡೋಗೆನ್‌ಗೆ ಜಗತ್ತಿನ ಜನಾಂಗಗಳ ದನಿಗಳನ್ನೆಲ್ಲ ಒಂದು ಸಂಗ್ರಹಾಲಯದಲ್ಲಿ ಕೂಡಿಹಾಕುವ ಕನಸು. ಯುದ್ಧವು ಆ ಜನಾಂಗಗಳನ್ನು ತಾನಾಗಿಯೇ ತಂದು ಮುಳ್ಳುತಂತಿಯೊಳಗೆ ನಿಲ್ಲಿಸಿತ್ತು. ಪಂಡಿತರಿಗೆ ಹಡಗಿನ ಖರ್ಚೂ ಉಳಿಯಿತೆನ್ನಿ. ಮನಶ್ಶಾಸ್ತ್ರಜ್ಞ ಕಾರ್ಲ್ ಸ್ಟುಂಫ್ ಅವರ ಅಧ್ಯಕ್ಷತೆಯಲ್ಲಿ 1915ರಲ್ಲಿ ರಚಿತವಾದ ರಾಜಾಜ್ಞೆಯ ಆಯೋಗವು 1918ರವರೆಗೆ ಸೆರೆಶಿಬಿರಗಳಲ್ಲಿ 1,600ಕ್ಕೂ ಹೆಚ್ಚು ಅರಗಿನ ತಟ್ಟೆಗಳನ್ನು ಮಾಡಿತು. ಸಂಗೀತಕ್ಕಾಗಿ ಬೇರೆಯೇ ಒಂದು ಸಾವಿರದಷ್ಟು ಮೇಣದ ಉರುಳೆಗಳಿದ್ದವು.

ಕೆಲಸದಲ್ಲಿ ಬಹಳ ಶಿಸ್ತಿತ್ತು. ಸೆರೆಯಾಳಿನ ಹೆಸರು, ಹುಟ್ಟಿದೂರು, ವಯಸ್ಸು, ಧರ್ಮ, ಕಸುಬು, ವಿದ್ಯೆ, ಬಲ್ಲ ಭಾಷೆಗಳು ಎಲ್ಲವನ್ನೂ ಒಂದು ನಮೂನೆಯಲ್ಲಿ ತುಂಬುತ್ತಿದ್ದರು. ಅವನ ದನಿಯ ಗುಣ ಎಂಥದೆಂದೂ ಅದರಲ್ಲಿ ಬರೆಯುತ್ತಿದ್ದರು. ಹೇಳಬೇಕಾದದ್ದನ್ನು ಮುಂಚಿತವಾಗಿ ಬರೆದಿಟ್ಟು, ಅಭ್ಯಾಸ ಮಾಡಿಸಿ, ಆಮೇಲೆ ಕೊಳವೆಯ ಮುಂದೆ ನಿಲ್ಲಿಸುತ್ತಿದ್ದರು. ತಟ್ಟೆ ತಿರುಗುವ ವೇಗವನ್ನು ಮುಂದಿನವರು ಸರಿಯಾಗಿ ಹೊಂದಿಸಿಕೊಳ್ಳಲೆಂದು ಒಂದು ನಿಶ್ಚಿತ ಶ್ರುತಿಯನ್ನೂ ಊದಿ ಮುದ್ರಿಸುತ್ತಿದ್ದರು. ಆ ಕಾಲದಲ್ಲಿ ಇಂತಹ ಶಿಬಿರಗಳಿಗೆ ಇನ್ನೊಂದು ಗುಂಪಿನ ವಿದ್ವಾಂಸರೂ ಬರುತ್ತಿದ್ದರು. ಅವರು ಸಿಖ್ ಸಿಪಾಯಿಗಳ ತಲೆಬುರುಡೆಯ ಅಳತೆ ತೆಗೆದುಕೊಂಡರು. ಒಬ್ಬರಿಗೆ ತಲೆ ಬೇಕಿತ್ತು, ಇನ್ನೊಬ್ಬರಿಗೆ ನಾಲಗೆ.

ಇಂಗ್ಲಿಷ್ ಆಡುವ ಬ್ರಿಟಿಷ್ ಸೆರೆಯಾಳುಗಳ ಉಪಭಾಷೆಗಳನ್ನು ದಾಖಲಿಸುವ ಭಾರ ಹೊತ್ತ ಪ್ರಾಧ್ಯಾಪಕ ಅಲೋಯಿಸ್ ಬ್ರಾಂಡ್ಲ್, ಅವರ ಕೈಗೆ ಕೊಟ್ಟ ಪಾಠ ಮತ್ತೆ ಅದೇ ದುಂದುಗಾರ ಮಗನದು. ಪರದೇಶದಲ್ಲಿ ಹಸಿದು ಕಂಗೆಟ್ಟು ತಂದೆಯ ಮನೆಯ ಅನ್ನವನ್ನು ನೆನೆದ ಮಗನ ಕಥೆ. ಅದನ್ನು ಓದಿದವರು ಪರದೇಶದಲ್ಲಿ ಸೆರೆಯಾಗಿ ತಮ್ಮ ಮನೆಯ ಅನ್ನವನ್ನು ನೆನೆಯುತ್ತಿದ್ದ ಹುಡುಗರು. ಎದುರಿಗೆ ಕುಳಿತ ವಿದ್ವಾಂಸರು ಗುರುತು ಹಾಕಿಕೊಂಡದ್ದು ಸ್ವರಗಳ ವ್ಯತ್ಯಾಸವನ್ನು. ಓದುಗರೇ, ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಅವರಿಗೆ ಬೇಕಾಗಿದ್ದುದೇ ಅದು.

ಇದೇ ಸಂಗ್ರಹದಲ್ಲಿ ಮಲ್ಲ್ ಸಿಂಗ್ ಎಂಬಾತನ ಒಂದು ತಟ್ಟೆಯಿದೆ. ಪಂಜಾಬಿನ ಫಿರೋಜ್‌ಪುರ ಜಿಲ್ಲೆಯವನು, 24ರ ತರುಣ. 1916ರ ಡಿಸೆಂಬರ್ 11ರಂದು ವ್ಯೂನ್ಸ್‌ಡೋರ್ಫಿನಲ್ಲಿ ಅವನ ದನಿಯನ್ನು ಮುದ್ರಿಸಿದರು. ಒಟ್ಟು ಒಂದೂಕಾಲು ನಿಮಿಷದ ಆಸುಪಾಸು. ಅವನು 'ನಾನು' ಎನ್ನುವುದೇ ಇಲ್ಲ. ಒಬ್ಬ ಮನುಷ್ಯನಿದ್ದ ಎಂದು ಅಡುಗೂಲಜ್ಜಿಯ ಕಥೆಯಂತೆ ಶುರುಮಾಡುತ್ತಾನೆ. ಆ ಮನುಷ್ಯ ಹಿಂದೂಸ್ಥಾನದಲ್ಲಿ ಬೆಣ್ಣೆ ತಿನ್ನುತ್ತಿದ್ದ, ಹಾಲು ಕುಡಿಯುತ್ತಿದ್ದ. ಇಂಗ್ಲಿಷರ ಚಾಕರಿಗೆ ಸೇರಿದ, ಯುರೋಪಿನ ಯುದ್ಧಕ್ಕೆ ಬಂದ, ಜರ್ಮನರು ಅವನನ್ನು ಹಿಡಿದರು. ಅವನಿಗೆ ಹಿಂದೂಸ್ಥಾನಕ್ಕೆ ಮರಳುವ ಆಸೆ. ಮರಳಿದರೆ ಮತ್ತೆ ಅದೇ ಊಟ ಸಿಕ್ಕೀತು. ಸಂಧಿ ಯಾವಾಗ ಆದೀತೋ ಸುದ್ದಿಯಿಲ್ಲ. ಇಷ್ಟೇ ಅವನ ಕಥೆ.

ನಮ್ಮ ಸಾಮತಿಯೂ ಒಬ್ಬ ಮನುಷ್ಯನಿದ್ದ ಎಂದೇ ಆರಂಭವಾಗುವುದಲ್ಲವೇ? ಮಲ್ಲ್ ಸಿಂಗ್ ಲೂಕನ ಶುಭಸಂದೇಶವನ್ನು ಕೇಳಿದ್ದನೆಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವೂ ಇಲ್ಲ. ಆದರೆ ವಿದ್ವಾಂಸರು ಬರೆದುಕೊಟ್ಟು ಓದಿಸಿದ ಸಾಮತಿಗಳಿಗಿಂತ, ಈ ಸಿಖ್ ತರುಣ ತನ್ನದೇ ಹಸಿವಿನಿಂದ ಕಟ್ಟಿದ ಈ ಪುಟ್ಟ ಕಥೆ ಸಾಮತಿಗೆ ಎಷ್ಟೋ ಹತ್ತಿರವಾಗಿದೆ. ಅಲ್ಲಿ ಹಂದಿಗಳ ಮೇವು, ಇಲ್ಲಿ ಬೆಣ್ಣೆಯ ನೆನಪು. ತಟ್ಟೆಯನ್ನು ಕಾಪಿಟ್ಟವರು ಅದಕ್ಕೊಂದು ಸಂಖ್ಯೆ ಕೊಟ್ಟರು, ಭಾಷೆಯ ಹೆಸರು ಬರೆದರು, ಕಪಾಟಿಗೆ ಸೇರಿಸಿದರು. ಅವನು ಏನು ಹೇಳಿದನೆಂಬುದು ಲೋಕದ ಕಿವಿಗೆ ಬಿದ್ದದ್ದು ಮಾತ್ರ ತೊಂಬತ್ತು ವರ್ಷಗಳ ಮೇಲೆ, 2007ರಲ್ಲಿ ಜರ್ಮನ್ ನಿರ್ದೇಶಕ ಫಿಲಿಪ್ ಶೆಫ್ನರ್ 'ದಿ ಹಾಫ್‌ಮೂನ್ ಫೈಲ್ಸ್' ಎಂಬ ಚಿತ್ರದಲ್ಲಿ ಆ ದನಿಯನ್ನು ಕೇಳಿಸಿದಾಗ. ದನಿ ಕೇಳಿಸುವಾಗ ಶೆಫ್ನರ್ ಅನೇಕ ಕಡೆ ತೆರೆಯನ್ನು ಕಪ್ಪಾಗಿಯೇ ಬಿಟ್ಟಿದ್ದಾರೆ. ನೋಡಲು ಏನೂ ಇಲ್ಲದಿರುವಾಗ ಕೇಳದೆ ಗತಿಯಿಲ್ಲ. ಚಿತ್ರದ ಉಳಿದ ಚಾತುರ್ಯಗಳಿಗಿಂತ ಈ ಒಂದು ಸಂಯಮವನ್ನು ನಾನು ಹೆಚ್ಚು ಮೆಚ್ಚುತ್ತೇನೆ.

ಇಲ್ಲೊಂದು ಹೋಲಿಕೆ ನೆನಪಾಗುತ್ತದೆ. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿದರು. ಅರ್ಮೇನಿಯನ್ ತಂದೆಗೆ ಹುಟ್ಟಿ, ಮೊದಲು ಆಂಜಲೀನಾ ಎಂಬ ಹೆಸರಿದ್ದು, ಕೊನೆಗಾಲದಲ್ಲಿ ಮೈಸೂರಿನ ಅರಮನೆಯ ಆಶ್ರಯ ಪಡೆದು 1930ರಲ್ಲಿ ಮೈಸೂರಿನಲ್ಲೇ ಕಣ್ಮುಚ್ಚಿದ ಗಾಯಕಿ ಆಕೆ. ಹಾಡು ಮುಗಿಯುತ್ತಿದ್ದಂತೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಸಾರುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದವರು ಯಾರೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಬೇಕಲ್ಲ! ವ್ಯಾಪಾರಕ್ಕಾಗಿ ಹಾಡಿದಾಕೆಯ ಬಾಯಲ್ಲಿ ಅವಳ ಹೆಸರಿದೆ. ಜ್ಞಾನಕ್ಕಾಗಿ ಮಾತನಾಡಿಸಲ್ಪಟ್ಟವನ ಬಾಯಲ್ಲಿ 'ಒಬ್ಬ ಮನುಷ್ಯ' ಎಂಬುದಷ್ಟೇ ಇದೆ. ಅವನ ಹೆಸರು ಇರುವುದು ಕಾಗದದ ನಮೂನೆಯಲ್ಲಿ. ಜ್ಞಾನವು ವ್ಯಾಪಾರಕ್ಕಿಂತ ಉದಾತ್ತವೆಂದು ನಂಬಿ ಬೆಳೆದ ನನ್ನಂಥವರಿಗೆ ಈ ವ್ಯತ್ಯಾಸ ಅಷ್ಟು ಸುಲಭವಾಗಿ ಜೀರ್ಣವಾಗುವುದಿಲ್ಲ.

ಹಾಗೆಂದು ಸಂಗ್ರಾಹಕರನ್ನು ಕಟಕಟೆಯಲ್ಲಿ ನಿಲ್ಲಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಡೋಗೆನ್‌ನ ತಣ್ಣನೆಯ ಕುತೂಹಲವಿಲ್ಲದಿದ್ದರೆ ಮಲ್ಲ್ ಸಿಂಗನ ಆಸೆ ಅವನ ಬಾಯಿಂದ ಹೊರಟ ಗಳಿಗೆಯಲ್ಲೇ ಗಾಳಿಗೆ ಸೇರುತ್ತಿತ್ತು. ವ್ಯೂನ್ಸ್‌ಡೋರ್ಫಿನ ಸಮೀಪದ ಸೆಹ್ರೆನ್ಸ್‌ಡೋರ್ಫಿನಲ್ಲಿ ಇನ್ನೂರಕ್ಕೂ ಹೆಚ್ಚು ಭಾರತೀಯ ಸಿಪಾಯಿಗಳ ಸಮಾಧಿಗಳಿವೆ. ಅವರಲ್ಲಿ ಹೆಚ್ಚಿನವರದು ಕಲ್ಲಿನ ಮೇಲಿನ ಹೆಸರು ಮಾತ್ರ. ಪ್ರೀತಿಯಿಲ್ಲದೆ ಕಾಪಿಟ್ಟದ್ದೂ ಕಾಪಿಟ್ಟದ್ದೇ. ಪ್ರೀತಿಯಿದ್ದೂ ಕಳೆದುಕೊಂಡವರು ನಾವಿದ್ದೇವೆ.

ಈ ಮಾತನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ನಮ್ಮಜ್ಜಿ ಶುಭ ಶುಕ್ರವಾರದಂದು ಹಳೆಯ ಶೋಕಗೀತೆಗಳನ್ನು ಹಾಡುತ್ತಿದ್ದರು. ಅವು ಯಾವ ಪುಸ್ತಕದಲ್ಲೂ ಅಚ್ಚಾಗಿರಲಿಲ್ಲ. ಎಂಬತ್ತರ ದಶಕದಲ್ಲಿ ನಮ್ಮ ಸೋದರಮಾವ ಒಂದು ಟೇಪ್‌ರೆಕಾರ್ಡರ್ ತಂದು ಅಜ್ಜಿಯನ್ನು ಕೂರಿಸಿ ಹಾಡಿಸಿದರು. ಕಿಟಕಿ ಮುಚ್ಚಿಸಿದರು, ಮಕ್ಕಳಾದ ನಮ್ಮನ್ನು ಹಿತ್ತಿಲಿಗೆ ಅಟ್ಟಿದರು, ಕೋಳಿಗಳನ್ನೂ ಗೂಡಿಗೆ ಸೇರಿಸಿದರು. ಹಾಡು ಮುಗಿದ ಮೇಲೆ ಯಂತ್ರ ನಿಂತಿದೆಯೆಂದು ಭಾವಿಸಿದ ಅಜ್ಜಿ, "ಆಯ್ತೇನಪ್ಪಾ? ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ" ಎಂದದ್ದೂ ಅದರಲ್ಲಿ ಸೇರಿಬಿಟ್ಟಿತು. ಮಾವ ಅದನ್ನು ಅಳಿಸಬೇಕೆಂದಿದ್ದರಂತೆ, ಅದೃಷ್ಟಕ್ಕೆ ಮರೆತರು. ಮುಂದೆ ಯಾರೋ ಆ ಕ್ಯಾಸೆಟ್ಟಿನ ಮೇಲೆ ಸಿನಿಮಾ ಹಾಡು ತುಂಬಿಸಿದರು. ಶೋಕಗೀತೆಗಳು ಹೋದವು, ಕೊನೆಯ ತುಣುಕೊಂದು ಉಳಿಯಿತು. ಅರ್ಧ ಚರಣ, ಆಮೇಲೆ ಒಲೆಯ ಮೇಲಿನ ಹಾಲು. ಅಜ್ಜಿ ತೀರಿಕೊಂಡು ಎಷ್ಟೋ ವರ್ಷಗಳಾಗಿವೆ. ಮನೆಯವರೆಲ್ಲ ಸೇರಿದಾಗ ಮತ್ತೆ ಮತ್ತೆ ಹಾಕಿ ಕೇಳುವುದು ಆ ಹಾಲಿನ ಮಾತನ್ನೇ.

ಆದ್ದರಿಂದ ಸಂಗ್ರಹವೊಂದರ ಯೋಗ್ಯತೆಯನ್ನು ತಟ್ಟೆಗಳ ಎಣಿಕೆಯಿಂದಾಗಲಿ ಮುದ್ರಣದ ಸ್ವಚ್ಛತೆಯಿಂದಾಗಲಿ ಅಳೆಯುವುದಕ್ಕೆ ನನಗೆ ಮನಸ್ಸು ಬಾರದು. ಆ ದನಿ ತನ್ನ ಮನೆಗೆ ಮರಳುವ ದಾರಿ ತೆರೆದಿದೆಯೇ ಎಂದು ಕೇಳಬೇಕು. ಇದು ಆಗದ ಮಾತಲ್ಲ. ಡಚ್ ಸಂಗೀತವಿದ್ವಾಂಸ ಅರ್ನಾಲ್ಡ್ ಬಾಕೆ 1938ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಸುತ್ತಿ ಹಾಡು, ವಾದ್ಯ, ಕುಣಿತಗಳನ್ನು ದಾಖಲಿಸಿದ್ದರು. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಮುದ್ರಣಗಳನ್ನು ಹೊತ್ತು ಅದೇ ದಾರಿಯಲ್ಲಿ ಹೊರಟರು. ಬಾಕೆ ಕಂಡ ಕಲೆಗಳು ಏನಾದವೆಂದು ಆಯಾ ಊರಿನವರಿಂದಲೇ ತಿಳಿಯುವುದು ಅವರ ಉದ್ದೇಶ. ಪರದೇಶಗಳ ಕಪಾಟು ಸೇರಿದ್ದ ಭಾರತದ ಸಂಗೀತ ಮುದ್ರಣಗಳ ಪ್ರತಿಗಳನ್ನು ಸ್ವದೇಶಕ್ಕೆ ತರಲೆಂದೇ 1982ರಲ್ಲಿ ಒಂದು ಕೇಂದ್ರವೂ ಆರಂಭವಾಗಿ ಮುಂದೆ ಗುರುಗ್ರಾಮದಲ್ಲಿ ನೆಲೆಗೊಂಡಿತು. ನಮ್ಮಲ್ಲಿಯೇ ಎಚ್.ಎಲ್. ನಾಗೇಗೌಡರು ಹಳ್ಳಿಗಳಿಂದ ಮುದ್ರಿಸಿ ತಂದ ಹಾಡುಗಳನ್ನು ದೂರದ ಊರಿಗೆ ಕಳುಹಿಸದೆ, ರಾಮನಗರದ ಬಳಿಯ ಜಾನಪದ ಲೋಕದಲ್ಲಿ ಅದೇ ಜನ ಬಂದು ಕೇಳುವಂತೆ ಇರಿಸಿದರು.

ಒಂದೇ ಕಡೆ ಕೂಡಿಟ್ಟದ್ದು ಭದ್ರವೆಂಬ ನಂಬಿಕೆಯೂ ಈಗ ಉಳಿದಿಲ್ಲ. ಬರ್ಲಿನ್ನಿನ ಸೆರೆಯಾಳುಗಳ ದನಿಗಳ ಪ್ರತಿಗಳೂ ಗ್ರಿಯರ್ಸನ್ನರ ತಟ್ಟೆಗಳೂ ಇರುವ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಗಣಕಜಾಲಕ್ಕೆ 2023ರ ಅಕ್ಟೋಬರಿನಲ್ಲಿ ದುಷ್ಕರ್ಮಿಗಳು ನುಗ್ಗಿದರು. ಅಲ್ಲಿನ ಧ್ವನಿಸಂಗ್ರಹ ತಿಂಗಳುಗಟ್ಟಲೆ ಯಾರ ಕಿವಿಗೂ ಸಿಗದಂತಾಯಿತು. ಅರಗಿನ ತಟ್ಟೆ ಬಿದ್ದರೆ ಒಡೆಯುತ್ತದೆ, ಮೇಣಕ್ಕೆ ಬೂಷ್ಟು ಹಿಡಿಯುತ್ತದೆ, ಟೇಪು ಅಂಟಂಟಾಗುತ್ತದೆ. ಗಣಕಯಂತ್ರಕ್ಕೆ ಕಳ್ಳ ಬರುತ್ತಾನೆ. ಹಲವು ಮನೆಗಳಲ್ಲಿ ಹಂಚಿಹೋದ ದನಿಗೆ ಮಾತ್ರ ಕೊಂಚ ಹೆಚ್ಚು ಆಯುಷ್ಯ.

ಓದುಗರೇ, ನಿಮ್ಮ ಕೈಯಲ್ಲಿರುವ ಮೊಬೈಲು ಡೋಗೆನ್‌ನ ಇಡೀ ಆಯೋಗದ ಯಂತ್ರಗಳಿಗಿಂತ ಸಮರ್ಥವಾದುದು. ಗ್ರಿಯರ್ಸನ್ನರ ಕಾಲದ ಆ ಕನ್ನಡ, ತುಳು ತಟ್ಟೆಗಳನ್ನು ಒಮ್ಮೆ ಹುಡುಕಿ ಕೇಳಿ. ಆಮೇಲೆ ಮನೆಯ ಹಿರಿಯರ ಬಳಿ ಹೋಗಿ, ಇದೇ ಸಾಮತಿಯನ್ನು ಅವರ ಮಾತಿನಲ್ಲೇ ಹೇಳಿಸಿ. ಬರೆದುಕೊಡಬೇಡಿ, ತಿದ್ದಬೇಡಿ. ಮೊದಲು ಅವರ ಹೆಸರನ್ನು ಅವರೇ ಹೇಳಲಿ. ಊರು, ತಂದೆತಾಯಿಯ ಹೆಸರು, ಆ ದಿನದ ತಾರೀಖು ಕೂಡ. ಕೊಬ್ಬಿದ ಕರುವಿನ ಬದಲು ಅವರು ಕೋಳಿಯೆಂದರೆ ಕೋಳಿಯೇ ಇರಲಿ. ಹಿರಿಯ ಮಗನ ಪಾಲಿಗೆ ಬಂದಾಗ ಅವರು ಯಾರ ಪಕ್ಷ ವಹಿಸುತ್ತಾರೆಂದು ಸುಮ್ಮನೆ ಕೇಳಿಸಿಕೊಳ್ಳಿ. ಫ್ಯಾನು ತಿರುಗುತ್ತಿದ್ದರೆ ತಿರುಗಲಿ, ಮಕ್ಕಳು ನಡುವೆ ಬಂದರೆ ಬರಲಿ, ಕುಕ್ಕರ್ ಕೂಗಿದರೆ ಕೂಗಲಿ.